ಕಾಲ ಕಡೆ ನಿಂತ ಸಾಲು

ಹೆರಿಗೆ ವಾರ್ಡಿನ ಆಯಾ ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಡಾಕ್ಟರರ ಹತ್ತಿರ ತನಗಾಗಿ ಕೇಳಿದ್ದು ಒಂದೇ ಒಂದು. ಬಡ್ತಿ ಕೇಳಲಿಲ್ಲ, ಹೆಚ್ಚಿನ ರಜೆ ಕೇಳಲಿಲ್ಲ, ವರ್ಷಗಟ್ಟಲೆಯಿಂದ ಕೆಟ್ಟು ನಿಂತ ಲಿಫ್ಟನ್ನು ಸರಿ ಮಾಡಿಸಿ ಎಂದೂ ಕೇಳಲಿಲ್ಲ. ಕೇಳಿದ್ದು ಇಷ್ಟೇ: ತನಗೆ ಅರಿವಳಿಕೆ ಕೊಟ್ಟು ಮಲಗಿಸಿದ ಮೇಲೆ, ಡಾಕ್ಟರಿಕೆ ಓದುವ ಹುಡುಗ ಹುಡುಗಿಯರು ಸಾಲಾಗಿ ಬಂದು ತನ್ನೊಳಗೆ ಕೈ ಹಾಕಬಾರದು.

ಇಂಥದ್ದನ್ನು ಬಾಯಿ ಬಿಟ್ಟು ಕೇಳಬೇಕಾಗಿ ಬಂದದ್ದೇ ನಾಚಿಕೆಗೇಡು. ಆದರೆ ಕೇಳದೆ ವಿಧಿಯಿರಲಿಲ್ಲ. ಆ ಆಪರೇಷನ್ ಥಿಯೇಟರಿನಲ್ಲಿ ಏನು ನಡೆಯುತ್ತದೆ ಎಂಬುದನ್ನು ಅವಳಿಗಿಂತ ಚೆನ್ನಾಗಿ ಬಲ್ಲವರು ಯಾರೂ ಇರಲಿಲ್ಲ.

ನಡೆಯುವುದು ಹೀಗೆ. ಹೆಂಗಸನ್ನು ಮೇಜಿನ ಮೇಲೆ ಮಲಗಿಸುತ್ತಾರೆ. ತಲೆಯ ಕಡೆ ಅರಿವಳಿಕೆ ಡಾಕ್ಟರು ಕೂತು ಔಷಧಿ ಬಿಡುತ್ತಾರೆ. ಐದು ಎಣಿಸುವಷ್ಟರಲ್ಲಿ ಅವಳಿಗೆ ಈ ಲೋಕವೇ ಇಲ್ಲ. ಆಗ ಆಯಾ ಅವಳ ಕಾಲೆರಡನ್ನೂ ಎತ್ತಿ ಮೇಜಿನ ಬದಿಯ ಕಂಬದ ಪಟ್ಟಿಗೆ ಸಿಕ್ಕಿಸಿ, ಮೈಮೇಲಿನ ಹಸಿರು ಹೊದಿಕೆಯನ್ನು ಸೊಂಟದ ತನಕ ಸರಿಸಬೇಕು. ಕೊಯ್ಯುವ ಡಾಕ್ಟರು, ಎಲ್ಲರೂ ಮೇಡಂ ಎನ್ನುವವರು, ಒಳಗೆ ಬೆರಳಿಟ್ಟು ಗಡ್ಡೆ ಎಷ್ಟಿದೆ, ಎಲ್ಲಿದೆ ಎಂದು ನೋಡುತ್ತಾರೆ. ಅದು ನ್ಯಾಯ, ನೋಡದೆ ಕೊಯ್ಯಲು ಆಗುತ್ತದೆಯೇ? ಆದರೆ ಅವರ ಹಿಂದೆ, ಕಾಲ ಕಡೆ, ಗ್ಲೌಸು ತೊಟ್ಟ ಐದಾರು ಜನ ಸಾಲಾಗಿ ನಿಂತಿರುತ್ತಾರೆ. "ಬನ್ನಿ, ಒಬ್ಬೊಬ್ಬರಾಗಿ," ಎನ್ನುತ್ತಾರೆ ಮೇಡಂ. ಒಬ್ಬ ಬಂದು ಕೈ ಹಾಕಿ, ಏನೂ ತಿಳಿಯದೆಯೇ ತಿಳಿಯಿತೆಂದು ತಲೆಯಾಡಿಸುತ್ತಾನೆ. ಇನ್ನೊಬ್ಬಳು ಬರುತ್ತಾಳೆ. ಮತ್ತೊಬ್ಬ. ಹತ್ತು ನಿಮಿಷದಲ್ಲಿ ಮುಗಿದುಹೋಗುತ್ತದೆ. ಮಲಗುವ ಮುಂಚೆ ಯಾರೂ ಅವಳನ್ನು ಕೇಳಿರುವುದಿಲ್ಲ, ಎದ್ದ ಮೇಲೆ ಯಾರೂ ಹೇಳುವುದಿಲ್ಲ. ಅವಳು ಮನೆಗೆ ಹೋಗಿ, ಡಾಕ್ಟರಮ್ಮ ದೇವರಂಥವರು ಎಂದು ನೆಂಟರಿಷ್ಟರ ಮುಂದೆಲ್ಲ ಹೊಗಳುತ್ತಾಳೆ.

ಓದುವ ಮಕ್ಕಳದೂ ಒಂದು ಗೋಳು, ಇಲ್ಲ ಎನ್ನುವುದಿಲ್ಲ. ಪ್ರತಿಯೊಬ್ಬರಿಗೂ ನೀಲಿ ರಟ್ಟಿನ ಒಂದು ಲಾಗ್‌ಬುಕ್ಕು. ಹತ್ತು ಒಳಪರೀಕ್ಷೆ ಮಾಡಿ, ದಿನಾಂಕ, ರೋಗಿಯ ನಂಬರು, ಕೈಗೆ ಸಿಕ್ಕಿದ್ದೇನು ಎಂದು ಅದರಲ್ಲಿ ಬರೆದು ಮೇಡಂ ಸಹಿ ಹಾಕಿಸಬೇಕು. ಹತ್ತಾಗದಿದ್ದರೆ ಪರೀಕ್ಷೆಗೆ ಕೂರುವಂತಿಲ್ಲ. ಎಚ್ಚರವಿರುವ ಹೆಂಗಸಾದರೆ ಮುಖ ನೋಡಿ ಕೇಳಬೇಕು, ಬೇಡ ಅನ್ನಿಸಿಕೊಳ್ಳಬೇಕು, ಪೆಚ್ಚುಮೋರೆ ಹಾಕಿಕೊಂಡು ಮುಂದಿನ ಹಾಸಿಗೆಗೆ ಹೋಗಬೇಕು. ಮಲಗಿದವಳ ಹತ್ತಿರ ಆ ರಗಳೆಯೇ ಇಲ್ಲ.

ಹೊಸ ತಂಡ ಬಂದ ದಿನವೇ ಆಯಾ ಎಲ್ಲರಿಗೂ ಅಡ್ಡಹೆಸರು ಇಟ್ಟುಬಿಡುತ್ತಿದ್ದಳು. ಈ ಸಲದ ಆರು ಜನರಲ್ಲಿ ಒಬ್ಬ ಗಡಿಯಾರ, ಊಟದ ಹೊತ್ತಾಯಿತೇ ಎಂದು ಸದಾ ಮಣಿಕಟ್ಟು ನೋಡುವವನು. ಒಬ್ಬಳು ತಣ್ಗೈ. ಅವಳು ಮೊದಲ ದಿನ ತುಂಬು ಬಸುರಿಯೊಬ್ಬಳ ಹೊಟ್ಟೆ ಮುಟ್ಟಿದ್ದೇ ತಡ, ಬಸುರಿ ಹೌಹಾರಿ ಎದ್ದು ಕೂತಳು. ಅಷ್ಟು ತಣ್ಣಗಿದ್ದವು ಕೈಗಳು. ಆಯಾ ಅವಳನ್ನು ನಲ್ಲಿಯ ಹತ್ತಿರ ಎಳೆದುಕೊಂಡು ಹೋದಳು.

"ಬಿಸಿನೀರಲ್ಲಿ ಕೈ ಇಡು. ಚೆನ್ನಾಗಿ ಉಜ್ಜು. ಈಗ ನಿನ್ನ ಕೆನ್ನೆ ಮೇಲೆ ಇಟ್ಕೊಂಡು ನೋಡು. ನಿನಗೆ ಚಳಿ ಅನ್ನಿಸಿದ್ರೆ ಅವಳಿಗೂ ಅನ್ನಿಸುತ್ತೆ."

"ಪುಸ್ತಕದಲ್ಲಿ ಇದು ಇಲ್ಲ ಅಕ್ಕ," ಎಂದಳು ಹುಡುಗಿ.

"ಪುಸ್ತಕ ಬರೆದೋನು ಯಾವತ್ತಾದ್ರೂ ಹೊಟ್ಟೆ ಮುಟ್ಟಿಸ್ಕೊಂಡಿದಾನಾ?"

ಅಂದಿನಿಂದ ತಣ್ಗೈ ಅವಳ ಬೆನ್ನು ಬಿಡಲಿಲ್ಲ. ಬಸುರಿಯನ್ನು ಹೇಗೆ ಮಗ್ಗುಲಾಗಿಸಬೇಕು, ಯಾವ ಮಾತಾಡಿದರೆ ಅವಳ ಹೊಟ್ಟೆ ಸಡಿಲವಾಗುತ್ತದೆ, ನೋವು ಬಂದಾಗ ಎಲ್ಲಿ ಒತ್ತಬೇಕು, ಎಲ್ಲವನ್ನೂ ಕಲಿತಳು. ಥಿಯೇಟರಿನ ಮೊದಲ ದಿನವೂ ಸಾಲಿನಲ್ಲಿ ನಿಲ್ಲುವ ಮುಂಚೆ ಪಾಪ, ನಲ್ಲಿಯ ಹತ್ತಿರ ಹೋಗಿ ಕೈ ಬಿಸಿ ಮಾಡಿಕೊಳ್ಳುತ್ತಿದ್ದಳು. ಆಯಾಗೆ ನಗು ತಡೆಯಲಾಗಲಿಲ್ಲ.

"ಇವರಿಗೆ ಬೇಡಮ್ಮ. ನಿದ್ದೇಲಿದಾರೆ, ಗೊತ್ತಾಗಲ್ಲ."

ಹುಡುಗಿಯೂ ನಕ್ಕು, ಕೈ ಒರೆಸಿಕೊಂಡು ಸಾಲಿಗೆ ಹೋದಳು.

ಇದಾಗಿ ಎರಡು ತಿಂಗಳಿಗೆ ಆಯಾ ಬೆಡ್‌ಪ್ಯಾನ್ ತೊಳೆಯುವ ಕೋಣೆಯಲ್ಲಿ ಬಕೆಟ್ ಸಮೇತ ಬಿದ್ದಳು. ಒಂದು ವರ್ಷದಿಂದ ತಿಂಗಳಲ್ಲಿ ಹದಿನೈದು ದಿನ ರಕ್ತ ಹೋಗುತ್ತಿತ್ತು. ಆಸ್ಪತ್ರೆಯಲ್ಲೇ ಕೆಲಸ ಮಾಡುವವರು ಆಸ್ಪತ್ರೆಗೆ ತೋರಿಸಿಕೊಳ್ಳುವುದು ಕೊನೆಗೇ ಅಲ್ಲವೇ? ಮೇಡಂ ನೋಡಿ, ಗರ್ಭಕೋಶದಲ್ಲಿ ದೊಡ್ಡ ಗಡ್ಡೆ ಬೆಳೆದಿದೆ, ಗರ್ಭಕೋಶವನ್ನೇ ತೆಗೆದುಬಿಡಬೇಕು ಎಂದರು. ಮೇಡಂ ಎಂದರೆ ಆ ವಿಭಾಗಕ್ಕೇ ದೊಡ್ಡವರು. ಕೈ ಅಷ್ಟು ಚುರುಕು, ನಾಲಿಗೆ ಅದಕ್ಕಿಂತ ಚುರುಕು. ತನ್ನ ಹೊಟ್ಟೆ ಕೊಯ್ಯುವುದಾದರೆ ಅವರೇ ಕೊಯ್ಯಬೇಕು ಎಂದು ಆಯಾ ಎಂದೋ ನಿರ್ಧರಿಸಿದ್ದಳು.

ಒಪ್ಪಿಗೆ ಪತ್ರವನ್ನು ಮನೆಗೆ ತಂದು ಮಗಳ ಕೈಯಲ್ಲಿ ಓದಿಸಿದಳು. ಮಗಳು ಹೊಲಿಗೆ ಅಂಗಡಿಯಲ್ಲಿ ಕೆಲಸ ಮಾಡುವವಳು. ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡೇ ಓದಿದಳು. ಎಲ್ಲ ಮುಗಿದ ಮೇಲೆ ಆಯಾ ಕೇಳಿದಳು:

"ಕಲಿಯೋ ಮಕ್ಕಳ ವಿಷಯ ಎಲ್ಲಿದೆ?"

"ಎಲ್ಲೂ ಇಲ್ಲಮ್ಮ. 'ಡಾಕ್ಟರರ ತಂಡ ಅಗತ್ಯವೆಂದು ಕಂಡದ್ದನ್ನೆಲ್ಲ ಮಾಡಲು ಒಪ್ಪಿದ್ದೇನೆ' ಅಂತಿದೆ ಅಷ್ಟೇ."

"ಅದೇ. ಆ 'ಎಲ್ಲ'ದೊಳಗೆ ಆರು ಜನ ಹಿಡಿಸ್ತಾರೆ."

ಗಂಡ ಶಾಲೆಯ ವ್ಯಾನು ಓಡಿಸುವವನು, ಆಸ್ಪತ್ರೆಯ ವಾಸನೆ ಬಡಿದರೆ ಸಾಕು ತಲೆ ತಿರುಗುವ ಗಂಡಸು. ಅವನಿಗೆ ವಿಷಯ ಕೇಳಿಯೇ ಬೆವರಿಳಿಯಿತು. "ಇಪ್ಪತ್ತೆರಡು ವರ್ಷ ಆ ಮಂದಿ ಜೊತೆ ದುಡಿದಿದೀಯ. ನಿನಗೆ ಹಾಗೆ ಮಾಡ್ತಾರಾ?"

"ಯಾಕೆ ಮಾಡಲ್ಲ? ನನಗೇನು ದೇವರು ಬೇರೆ ಥರ ಮಾಡಿ ಕಳ್ಸಿದಾನಾ?"

ಮರುದಿನ ಮೇಡಂ ರೌಂಡ್ಸ್ ಮುಗಿಸಿ ಹೋಗುವಾಗ ಆಯಾ ವರಾಂಡದಲ್ಲಿ ಅಡ್ಡ ನಿಂತಳು. "ಮೇಡಂ, ನೀವು ಕೊಯ್ಯೋರು, ನೀವು ನೋಡಿ. ಸಾಲು ಮಾತ್ರ ಬೇಡ."

ಮೇಡಂ ನಕ್ಕು ಅವಳ ಭುಜ ತಟ್ಟಿದರು. "ಏನಮ್ಮ ನೀನು, ನಮ್ಮವಳು. ನಿನಗೆ ಹಾಗೆ ಮಾಡ್ತೀವಾ?"

ಆಯಾಳ ಎದೆಯ ಮೇಲಿನ ಕಲ್ಲು ಇಳಿಯಿತು. ನಮ್ಮವಳು ಎಂದರಲ್ಲ, ಹಾಗಾದರೆ ಉಳಿದವರೆಲ್ಲ ಯಾರವರು ಎಂಬ ಪ್ರಶ್ನೆ ಅವಳಿಗೆ ಅಂದು ಹೊಳೆಯಲಿಲ್ಲ. ಹೊಳೆಯಬೇಕಿತ್ತು. ಆದರೂ ಒಂದು ಬೀಗದ ಬದಲು ಎರಡಿರಲಿ ಎಂದು ತಣ್ಗೈಯನ್ನೂ ಕರೆದು ಹೇಳಿದಳು. "ಮೇಡಂಗೆ ಮರೆತುಹೋದ್ರೆ ನೀನು ನೆನಪು ಮಾಡಬೇಕು. ನನ್ನ ತಲೆ ಹತ್ರ ನಿಂತಿರು. ಮಾತು ಕೊಡು."

"ಕೊಟ್ಟೆ ಅಕ್ಕ. ಯಾರನ್ನೂ ಹತ್ತಿರಕ್ಕೆ ಬಿಡಲ್ಲ."

ಆಪರೇಷನ್ನಿನ ದಿನ ಅವಳ ಕೆಲಸ ಮಾಡಲು ಲಾಂಡ್ರಿಯಿಂದ ಬೇರೊಬ್ಬ ಆಯಾಳನ್ನು ಕರೆಸಿದ್ದರು. ತಾನು ದಿನವೂ ಒರೆಸುವ ಮೇಜಿನ ಮೇಲೆ ತಾನೇ ಮಲಗಿ, ತಾನೇ ಜೋಡಿಸಿಟ್ಟ ಹಸಿರು ಹೊದಿಕೆ ಹೊದ್ದುಕೊಂಡಾಗ ಅವಳಿಗೆ ವಿಚಿತ್ರವೆನಿಸಿತು. ಮಣಿಕಟ್ಟಿಗೆ ಪಟ್ಟಿ ಕಟ್ಟಿದ್ದರು, ನಂಬರು ನಾಲ್ಕು ಒಂದು ಏಳು ಮೂರು. ತಲೆಯ ಹತ್ತಿರ ತಣ್ಗೈ ನಿಂತಿದ್ದಳು. ಅವಳ ಮುಖ ನೋಡುತ್ತಲೇ ಆಯಾ ನಾಲ್ಕರ ತನಕ ಎಣಿಸಿದಳು.

ಎಚ್ಚರವಾದಾಗ ಗಂಟಲು ಒಣಗಿ ಹಪ್ಪಳವಾಗಿತ್ತು. ನೀರು ಕೇಳಲಿಲ್ಲ, ಗಡ್ಡೆಯ ಸುದ್ದಿ ಕೇಳಲಿಲ್ಲ.

"ಸಾಲು?"

"ಇಲ್ಲ ಅಕ್ಕ. ಯಾರೂ ಇಲ್ಲ," ಎಂದಳು ತಣ್ಗೈ, ಅವಳ ಹೊದಿಕೆ ಸರಿ ಮಾಡುತ್ತ.

ಆಯಾ ನೆಮ್ಮದಿಯಿಂದ ಅತ್ತುಬಿಟ್ಟಳು.

ಆರು ವಾರ ಮನೆಯಲ್ಲಿ ವಿಶ್ರಾಂತಿ. ಆ ಆರು ವಾರದಲ್ಲಿ ಅವಳು ಹುಡುಗಿಯನ್ನು ಹೊಗಳಿದ್ದು ಕೇಳಿ ಕೇಳಿ ಗಂಡನಿಗೆ ಸಾಕಾಗಿಹೋಯಿತು. ಮಗಳಿಗೆ ದುಂಬಾಲು ಬಿದ್ದು, ಉಳಿದ ಬಟ್ಟೆಯ ತುಂಡಿನಲ್ಲಿ ಹುಡುಗಿಗೆಂದು ಪೆನ್ನು ಇಡುವ ಒಂದು ಚೀಲ ಹೊಲಿಸಿದಳು. ಒಳಗೆ ಮೂರು ಖಾನೆ, ಮೇಲೆ ಜಿಪ್ಪು. ಕೆಲಸಕ್ಕೆ ವಾಪಸು ಹೋದ ದಿನ ಅದನ್ನು ಸೆರಗಿನಲ್ಲಿ ಸುತ್ತಿಕೊಂಡು ಹೋದಳು.

ವಾರ್ಡಿನ ಹಿರಿಯ ಸಿಸ್ಟರು ಅವಳನ್ನು ಬಕೆಟ್ ಮುಟ್ಟಲು ಬಿಡಲಿಲ್ಲ. "ಭಾರ ಎತ್ತಬೇಡ. ಈ ಲಾಗ್‌ಬುಕ್ಕುಗಳನ್ನ ಮೇಡಂ ರೂಮಿಗೆ ಕೊಟ್ಟು ಬಾ, ಸಹಿ ಆಗ್ಬೇಕು," ಎಂದು ಆರು ನೀಲಿ ಪುಸ್ತಕಗಳನ್ನು ಕೊಟ್ಟರು. ಲಿಫ್ಟು ಕೆಟ್ಟದ್ದು ಕೆಟ್ಟೇ ಇತ್ತು. ಅರ್ಧ ಮೆಟ್ಟಿಲು ಹತ್ತುವಷ್ಟರಲ್ಲಿ ಹೊಲಿಗೆ ಹಾಕಿದ ಜಾಗ ಎಳೆಯತೊಡಗಿ, ಆಯಾ ಅಲ್ಲೇ ಕೂತಳು. ಎಲ್ಲಕ್ಕಿಂತ ಮೇಲಿದ್ದದ್ದು ತಣ್ಗೈಯ ಪುಸ್ತಕ. ಹುಡುಗಿಗೆ ಹತ್ತು ಆಯಿತೋ ಇಲ್ಲವೋ ನೋಡೋಣ ಎಂದು ತೆರೆದಳು. ಡಾಕ್ಟರರ ಗೀಚು ಬರಹ ಅವಳಿಗೆ ಓದಲು ಬಾರದು, ಅಂಕಿ ಬರುತ್ತದೆ. ಬೆರಳಿಟ್ಟುಕೊಂಡು ಒಂದೊಂದೇ ಸಾಲು ಇಳಿದಳು. ಒಂಬತ್ತನೆಯ ಸಾಲಿನಲ್ಲಿ ಬೆರಳು ನಿಂತಿತು.

ನಾಲ್ಕು ಒಂದು ಏಳು ಮೂರು.

ಐದು ದಿನ ಮಣಿಕಟ್ಟಿನ ಮೇಲಿದ್ದ ನಂಬರು. ತಪ್ಪು ಓದಿದೆನೇನೋ ಎಂದು ಮತ್ತೆ ಓದಿದಳು. ಪಕ್ಕದಲ್ಲಿ ಅವಳ ಆಪರೇಷನ್ನಿನ ತಾರೀಖೇ ಇತ್ತು. ಎರಡನೆಯ ಪುಸ್ತಕ ತೆರೆದಳು, ಅದರಲ್ಲೂ ಇತ್ತು. ಮೂರನೆಯದು ಗಡಿಯಾರನದು. ಅದರಲ್ಲೂ. ಆರೂ ಪುಸ್ತಕ ನೋಡಿ ಮುಗಿಸುವಷ್ಟರಲ್ಲಿ ಅವಳ ಮೈಯೆಲ್ಲ ಹೊತ್ತಿ ಉರಿಯುತ್ತಿತ್ತು. ಇಷ್ಟು ದಿನ ಬೆಳಿಗ್ಗೆ ಬೆಳಿಗ್ಗೆ "ಅಕ್ಕ, ಹೇಗಿದೀರಾ" ಎಂದು ಹಲ್ಲು ಕಿರಿಯುತ್ತಿದ್ದ ಆರೂ ಮುಖಗಳು ಒಂದೊಂದಾಗಿ ಕಣ್ಣ ಮುಂದೆ ಬಂದವು. ಹಾಡುಹಗಲೇ, ದೀಪದ ಬೆಳಕಿನಲ್ಲಿ, ತನ್ನ ಆಸ್ಪತ್ರೆಯಲ್ಲಿ! ಕದ್ದವರು ಕದ್ದ ಮಾಲಿನ ಪಟ್ಟಿ ಬರೆದು, ಅವಳ ಕೈಯಲ್ಲೇ ಹೊರಿಸಿ, ಸಹಿಗೆ ಕಳಿಸಿದ್ದರು.

ಅವಳು ಮೆಟ್ಟಿಲಿಳಿದು ಬಂದು, ತಣ್ಗೈಯನ್ನು ತೋಳು ಹಿಡಿದು ಬೆಡ್‌ಪ್ಯಾನ್ ಕೋಣೆಗೆ ಎಳೆದುಕೊಂಡು ಹೋಗಿ ಬಾಗಿಲು ಹಾಕಿದಳು.

"ಈ ನಂಬರು ಓದಿ, ಡಾಕ್ಟ್ರೇ."

ಇಷ್ಟು ದಿನ "ಬಾರೇ ತಣ್ಗೈ" ಎನ್ನುತ್ತಿದ್ದವಳ ಬಾಯಲ್ಲಿ ಡಾಕ್ಟ್ರೇ ಎಂದು ಬಂದಾಗಲೇ ಹುಡುಗಿಯ ಮುಖದ ರಕ್ತ ಇಳಿಯಿತು. ಓದಿದಳು.

"ಯಾರದು?"

"ನಿಮ್ದು."

"ಎಷ್ಟು ಜನ?"

"ಆರು."

"ಮೊದಲು ಬಂದೋರು ಯಾರು?"

"ನಾನು ಅಕ್ಕ. ಮೇಡಂ ನನ್ನನ್ನೇ ಮೊದಲು ಕರೆದ್ರು. ನಿನ್ನ ಪುಸ್ತಕದಲ್ಲಿ ಎರಡು ಕಮ್ಮಿ ಇದೆ, ನೀನೇ ಬಾ ಅಂದ್ರು. ಹೇಳ್ಬೇಕು ಅಂತ ಬಾಯಿ ತೆರೆದೆ, ಮಾತೇ ಬರಲಿಲ್ಲ."

"ಮಾತು ಬರಲಿಲ್ಲ. ಕೈ ಬಂತು."

"ನಿಮಗೆ ಮಾತ್ರ ಕೈ ಬಿಸಿ ಮಾಡ್ಕೊಂಡೆ ಅಕ್ಕ. ಬಿಸಿನೀರಲ್ಲಿ ಇಟ್ಟು, ಕೆನ್ನೆಗೆ ಇಟ್ಕೊಂಡು ನೋಡಿ ಆಮೇಲೆ..."

ಆಯಾಳ ಕೈ ಮೇಲಕ್ಕೆ ಹೋಯಿತು. ಹೊಡೆಯಲಿಲ್ಲ. ಎತ್ತಿದ ಕೈಯನ್ನು ಎಲ್ಲಿಡಬೇಕೆಂದು ತೋಚದೆ ನಲ್ಲಿಯ ಮೇಲಿಟ್ಟಳು. "ಎದ್ದ ಮೇಲೆ ನಾನು ಕೇಳಿದೆ. ನನ್ನ ಮುಖ ನೋಡ್ಕೊಂಡು ಇಲ್ಲ ಅಂದ್ರಿ."

"ನಿಮಗೆ ಗೊತ್ತಾಗಲ್ಲ ಅಂದ್ಕೊಂಡೆ. ನಿದ್ದೇಲಿದಾರೆ, ಗೊತ್ತಾಗಲ್ಲ ಅಂತ ಮೊದಲ ದಿನ ನೀವೇ ಹೇಳಿದ್ರಲ್ಲ ಅಕ್ಕ."

ಚುಚ್ಚಬೇಕೆಂದು ಹೇಳಿದ್ದಲ್ಲ. ಕಲಿತ ಪಾಠ ಒಪ್ಪಿಸುವ ಹಾಗೆ ಹೇಳಿದಳು. ಆಯಾ ಒಳಗೇ ಲೆಕ್ಕ ಹಾಕಿದಳು. ವಾರಕ್ಕೆ ಎರಡು ಆಪರೇಷನ್ ದಿನ, ದಿನಕ್ಕೆ ಮೂವರೋ ನಾಲ್ವರೋ ಹೆಂಗಸರು, ಇಪ್ಪತ್ತೆರಡು ವರ್ಷ. ಅಷ್ಟೂ ಜನರ ಹೊದಿಕೆ ಸರಿಸಿದ್ದು ಯಾರ ಕೈ? ಹುಡುಗಿಯ ಮೇಲಿನ ಸಿಟ್ಟು ಒಂದಿಷ್ಟೂ ಇಳಿಯಲಿಲ್ಲ. ಆದರೆ ಅದರ ಪಕ್ಕದಲ್ಲೇ ಇನ್ನೊಂದು ಸಿಟ್ಟು ಎದ್ದು ನಿಂತಿತು, ಅದು ತನ್ನ ಮೇಲೆಯೇ.

ಅವಳು ಪುಸ್ತಕಗಳನ್ನು ಎತ್ತಿಕೊಂಡು ಸೀದಾ ಮೇಡಂ ರೂಮಿಗೆ ಹೋದಳು. ಮೇಡಂ ಮುಖ ಎತ್ತದೆ ಒಂದೊಂದೇ ಪುಸ್ತಕಕ್ಕೆ ಸಹಿ ಮಾಡತೊಡಗಿದರು.

"ಸಾಲು ಬೇಡ ಅಂದಿದ್ದೆ ಮೇಡಂ."

ಪೆನ್ನು ನಿಲ್ಲಲಿಲ್ಲ. "ಅದಾ? ನಿನ್ನ ಗಡ್ಡೆ ಎಷ್ಟು ಚೆನ್ನಾಗಿ ಕೈಗೆ ಸಿಗ್ತಿತ್ತು ಗೊತ್ತಾ? ಅಂಥದ್ದು ವರ್ಷಕ್ಕೆ ಒಂದು ಬರುತ್ತೆ. ಮಕ್ಕಳು ಕಲಿಯೋದು ಬೇಡವಾ? ನಾಳೆ ನಿನ್ನ ಮಗಳಿಗೇ ಕಷ್ಟ ಬಂದ್ರೆ ಕಲಿತ ಕೈ ಬೇಕು ತಾನೆ?"

"ಕೇಳಿದ್ರೆ ಕೊಡ್ತಿದ್ದೆ."

"ಏನು?"

"ಎಚ್ಚರ ಇದ್ದಾಗ ಆ ಹುಡುಗಿ ಬಂದು ಕೇಳಿದ್ರೆ ಹೂಂ ಅಂತಿದ್ದೆ ಮೇಡಂ. ಇಲ್ಲಿ ನೋಯುತ್ತೆ, ಇಲ್ಲಿ ಮೆಲ್ಲಗೆ ಒತ್ತು ಅಂತ ನಾನೇ ಹೇಳಿಕೊಡ್ತಿದ್ದೆ. ಇನ್ನೂ ಚೆನ್ನಾಗಿ ಕಲೀತಿದ್ದಳು."

ಆಗ ಮೇಡಂ ತಲೆ ಎತ್ತಿದರು. "ಎಲ್ಲರನ್ನೂ ಕೇಳ್ತಾ ಕೂತ್ರೆ ಒಬ್ಬರೂ ಒಪ್ಪಲ್ಲ."

"ಇಲ್ಲಿ ತನಕ ಯಾರನ್ನ ಕೇಳಿದೀರಿ?"

ಮೇಡಂ ಮತ್ತೆ ಪೆನ್ನು ಎತ್ತಿಕೊಂಡರು. ಹೋಗುವಾಗ ಬಾಗಿಲು ಎಳೆದುಕೊಂಡು ಹೋಗು ಎಂದರು. ಆಯಾ ಬಾಗಿಲು ಹಾರುಹೊಡೆದಿಟ್ಟೇ ಬಂದಳು.

ಆಗ ವಾರ್ಡಿನಲ್ಲಿ ಆಪರೇಷನ್ನಿಗೆ ಕಾದಿದ್ದವರು ಒಂಬತ್ತು ಹೆಂಗಸರು. ಮಧ್ಯಾಹ್ನ ವಾರ್ಡು ತಣ್ಣಗಿದ್ದ ಹೊತ್ತಿನಲ್ಲಿ ಆಯಾ ಒಂದೊಂದೇ ಹಾಸಿಗೆಯ ಅಂಚಿಗೆ ಕೂತು ಇದ್ದದ್ದನ್ನು ಇದ್ದ ಹಾಗೆ ಹೇಳಿ ಕೇಳಿದಳು. ತಣ್ಗೈ ಆಚೆ ಗೋಡೆಯ ಹತ್ತಿರ ರಕ್ತದೊತ್ತಡ ನೋಡುವ ನೆಪದಲ್ಲಿ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಳು. ಮೂರನೇ ಹಾಸಿಗೆಯ ಅಜ್ಜಿ, "ಬರಲಿ ಬಿಡು, ಕಲೀಲಿ. ಆದ್ರೆ ಒಬ್ಬಳು ಸಾಕು, ಮೆರವಣಿಗೆ ಬೇಡ," ಎಂದಳು. ಇನ್ನೊಬ್ಬಳು, ಹುಡುಗಿಯಾದರೆ ಅಡ್ಡಿಯಿಲ್ಲ, ಅದೂ ಎಚ್ಚರ ಇದ್ದಾಗ ಎಂದಳು. ಒಬ್ಬಳು ಹೂಂ ಅನ್ನುವ ಮುಂಚೆ, "ನನ್ನನ್ನ ಯಾರಾದ್ರೂ ಹೀಗೆ ಕೇಳಿದ್ದು ಇದೇ ಮೊದಲು," ಎಂದಳು. ಒಂಬತ್ತರಲ್ಲಿ ಐದು ಜನ ಒಪ್ಪಿದರು. ಐದು! ಇಪ್ಪತ್ತೆರಡು ವರ್ಷ ಕದ್ದದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ಕೇಳಿದ್ದರೆ ಹಾಗೆಯೇ ಸಿಗುತ್ತಿತ್ತು. ಅದನ್ನು ನೆನೆದಷ್ಟೂ ಆಯಾಗೆ ಮೈ ಪರಚಿಕೊಳ್ಳುವ ಹಾಗಾಯಿತು.

ನಾಲ್ಕು ಜನ ಬೇಡ ಎಂದರು. ಅವರಲ್ಲಿ ಏಳನೇ ಹಾಸಿಗೆಯ ಶಾಲೆಯ ಟೀಚರು ಒಬ್ಬಳು. ಕಾರಣ ಹೇಳಲಿಲ್ಲ. "ಬೇಡ" ಎಂದು ಹೊದಿಕೆಯನ್ನು ಕುತ್ತಿಗೆಯ ತನಕ ಎಳೆದುಕೊಂಡಳು. ಕಾರಣ ಯಾಕೆ ಬೇಕು?

ಮರುದಿನ ಬೆಳಿಗ್ಗೆ ಮೇಜಿನ ಮೇಲೆ ಮೊದಲು ಬಂದವಳು ಅವಳೇ. ಅರಿವಳಿಕೆ ಹಿಡಿಯಿತು. ಆಯಾ ಕಾಲುಗಳನ್ನು ಪಟ್ಟಿಗೆ ಸಿಕ್ಕಿಸಿ, ಹೊದಿಕೆಯನ್ನು ಪಾದದ ತನಕ ಎಳೆದು, ಅದರ ಅಂಚು ಹಿಡಿದು ನಿಂತಳು. ಕಾಲ ಕಡೆ ಆರು ಜನ ಗ್ಲೌಸು ತೊಟ್ಟು ಸಾಲಾಗಿ ನಿಂತರು. ಮೇಡಂ ಕೈ ತೊಳೆದು, ಗ್ಲೌಸು ತೊಟ್ಟು, ಕೈಗಳನ್ನು ಎದೆಯ ಮಟ್ಟಕ್ಕೆ ಎತ್ತಿಕೊಂಡು ಬಂದರು.

"ಸರಿಸು."

"ಸಾಲಿಗಾ, ಆಪರೇಷನ್ನಿಗಾ?"

"ಏನು?"

"ಆಪರೇಷನ್ನಿಗೆ ಅಂದ್ರೆ ಈಗಲೇ ಸರಿಸ್ತೀನಿ. ಸಾಲಿಗೆ ಅಂದ್ರೆ ಸರಿಸಲ್ಲ. ಇವರು ಬೇಡ ಅಂದಿದಾರೆ."

ಮೇಡಂ ಒಂದು ಹೆಜ್ಜೆ ಮುಂದೆ ಬಂದು ನಿಂತರು. ಆಗ ಆಯಾಗೆ, ಇಷ್ಟು ವರ್ಷ ಕಣ್ಣೆದುರಿಗೇ ಇದ್ದೂ ಕಾಣದ ಒಂದು ವಿಷಯ ಕಂಡಿತು. ಹೊದಿಕೆ ವಾರ್ಡಿನಿಂದ ಬಂದದ್ದು, ಕ್ರಿಮಿ ಸಾಯುವ ಹಾಗೆ ಆವಿಯಲ್ಲಿ ಶುದ್ಧ ಮಾಡಿದ್ದಲ್ಲ. ಅದನ್ನು ಮುಟ್ಟಿದರೆ ಮೇಡಂ ಮತ್ತೆ ಐದು ನಿಮಿಷ ಕೈ ತೊಳೆಯಬೇಕು, ಹೊಸ ಗ್ಲೌಸು ಹಾಕಬೇಕು. ಸಾಲಿನಲ್ಲಿ ನಿಂತವರೂ ಅಷ್ಟೆ, ಅದಕ್ಕೆ ಬೆರಳು ಸೋಕಿಸುವಂತಿಲ್ಲ. ಇಷ್ಟು ದೊಡ್ಡ ಡಾಕ್ಟರರ ಇಷ್ಟು ದೊಡ್ಡ ಪಾಠ ನಡೆಯಬೇಕಾದರೆ ಆಯಾಳ ಕೈಯೇ ಬೇಕಿತ್ತು.

"ಸಿಸ್ಟರ್, ನೀವು ಸರಿಸಿ," ಎಂದರು ಮೇಡಂ.

ಮೂಲೆಯಲ್ಲಿ ರಕ್ತ ಒರೆಸುವ ಬಟ್ಟೆಯ ತುಂಡುಗಳನ್ನು ಎಣಿಸುತ್ತಿದ್ದ ಹಿರಿಯ ಸಿಸ್ಟರು, "ಲೆಕ್ಕ ತಪ್ಪುತ್ತೆ ಮೇಡಂ," ಎಂದು, ಇಪ್ಪತ್ತರ ತನಕ ಬಂದಿದ್ದವರು ಮತ್ತೆ ಒಂದರಿಂದ ಗಟ್ಟಿಯಾಗಿ ಎಣಿಸತೊಡಗಿದರು. ಅರಿವಳಿಕೆ ಡಾಕ್ಟರಿಗೆ ಥಟ್ಟನೆ ತಮ್ಮ ಯಂತ್ರದ ಮೇಲೆ ಎಲ್ಲಿಲ್ಲದ ಪ್ರೀತಿ ಬಂದುಬಿಟ್ಟಿತು, ಕಣ್ಣು ಕೀಳಲಿಲ್ಲ.

ಮೇಡಂ ಸಾಲಿನತ್ತ ತಿರುಗಿದರು. "ನೀನು. ಗ್ಲೌಸ್ ತೆಗೆದು ಸರಿಸು."

ಕರೆದದ್ದು ತಣ್ಗೈಯನ್ನು. ಅವಳು ಗ್ಲೌಸು ಕಳಚಿದಳು. ಬಂದು ಹೊದಿಕೆಯ ಇನ್ನೊಂದು ಅಂಚು ಹಿಡಿದಳು. ಬಟ್ಟೆಯ ಮೇಲೆ ಇಬ್ಬರ ಕೈ. ಎಳೆದೇಬಿಡುತ್ತಾಳೆ ಎಂದುಕೊಂಡಳು ಆಯಾ. ಇವಳನ್ನು ನಂಬಿ ಒಮ್ಮೆ ಕೆಟ್ಟಾಗಿದೆ.

"ಬೇಡ ಅಂದಿದಾರೆ ಮೇಡಂ," ಎಂದಳು ತಣ್ಗೈ. ಧ್ವನಿ ಸೊಳ್ಳೆಯಷ್ಟು. "ನಾನು ಅಲ್ಲೇ ಇದ್ದೆ. ಕೇಳಿಸ್ಕೊಂಡೆ." ಅಂಚು ಬಿಟ್ಟು, ಸಾಲಿಗೆ ಹೋಗದೆ, ಗೋಡೆಗೆ ಹೋಗಿ ನಿಂತಳು.

"ಮುಂದಿನ ತಿಂಗಳು ಪರೀಕ್ಷೆಯಲ್ಲಿ ಎದುರಿಗೆ ಕೂರೋದು ನಾನು. ನೆನಪಿರಲಿ."

ಆಗ ಅರಿವಳಿಕೆ ಡಾಕ್ಟರು ಯಂತ್ರಕ್ಕೇ ಹೇಳುವ ಹಾಗೆ, "ಔಷಧಿ ಓಡ್ತಾ ಇದೆ ಮೇಡಂ, ತಡ ಮಾಡೋದು ಬೇಡ," ಎಂದರು. ಮೇಡಂ ಹಲ್ಲು ಕಚ್ಚಿ, ಎಲ್ಲರೂ ಗೋಡೆಗೆ ಹೋಗಿ ಎಂದರು. ಸಾಲು ಒಡೆಯಿತು. ಆಯಾ ಹೊದಿಕೆ ಸರಿಸಿದಳು. ಮೇಡಂ ಒಬ್ಬರೇ ನೋಡಿದರು, ಒಬ್ಬರೇ ಕೊಯ್ದರು. ಟೀಚರು ಎದ್ದಾಗ ಅವಳಿಗೆ ಹೇಳಬೇಕಾದ ಸುಳ್ಳು ಒಂದೂ ಇರಲಿಲ್ಲ.

ಸೋಮವಾರ ಆಯಾಳನ್ನು ಥಿಯೇಟರಿನಿಂದ ತೆಗೆದು ಲಾಂಡ್ರಿಗೆ ಹಾಕಿದರು. ಆಪರೇಷನ್ ಆದ ಮೈ, ಹಗುರ ಕೆಲಸ ಇರಲಿ ಎಂದು ಆದೇಶದಲ್ಲಿ ಬರೆದಿದ್ದರು. ಒದ್ದೆ ಬಟ್ಟೆ ಹೊರುವುದು ಹಗುರವಂತೆ! ಬರೆದವನ ತಲೆಯ ಮೇಲೆ ಒಂದು ಗಂಟು ಹೊರಿಸಬೇಕಿತ್ತು. ಲಾಂಡ್ರಿ ಇದ್ದ ನೆಲಮಾಳಿಗೆಯಲ್ಲಿ ಅವಳ ಸುತ್ತ ಹಸಿರು ಹೊದಿಕೆಗಳು ಗುಡ್ಡೆಗುಡ್ಡೆಯಾಗಿ ಬಿದ್ದಿದ್ದವು.

ಗುರುವಾರ ತಣ್ಗೈ ಅಲ್ಲಿಗೆ ಬಂದಳು. ಉಗಿಯಲ್ಲಿ ಅವಳ ಕನ್ನಡಕ ಮಂಜಾಯಿತು. ತೆಗೆದು ಒರೆಸಿಕೊಳ್ಳಲೂ ಇಲ್ಲ.

"ಇವತ್ತು?" ಎಂದಳು ಆಯಾ.

"ಹೊಸ ಆಯಾ ಸರಿಸಿದ್ರು. ಐದು ಜನ ನೋಡಿದ್ರು. ನಾನು ಹೊರಗಿದ್ದೆ."

"ಯಾರು ಮಲಗಿದ್ದು?"

"ನಾಲ್ಕನೇ ಹಾಸಿಗೆ. ಬೇಡ ಅಂದಿದ್ರಲ್ಲ, ಅವರು."

ಆಯಾ ಕೈಯಲ್ಲಿದ್ದ ಬಟ್ಟೆಯನ್ನು ನೆಲಕ್ಕೆ ಬಡಿದಳು. ಬಡಿದದ್ದನ್ನು ತಾನೇ ಎತ್ತಿಕೊಂಡಳು. "ಊಟದ ಬಿಡುವು ನನ್ನದು. ದಿನಾ ಮೇಲೆ ಬರ್ತೀನಿ. ಬೇಡ ಅನ್ನೋರೆಲ್ಲ ಒಪ್ಪಿಗೆ ಪತ್ರದ ಮೇಲೆ 'ಕಲಿಯುವವರು ಮುಟ್ಟಬಾರದು' ಅಂತ ದಪ್ಪಕ್ಷರದಲ್ಲಿ ಬರೆದು ಸಹಿ ಹಾಕ್ಲಿ. ಬರೆಯೋಕೆ ಬಾರದೋರಿಗೆ ನೀವು ಬರೆದುಕೊಡಿ."

"ಬರೀತೀನಿ," ಎಂದಳು ಹುಡುಗಿ. "ಅಕ್ಕ, ನನ್ನಿಂದ ತಪ್ಪಾಯ್ತು. ಕ್ಷಮಿಸಿ."

ಪೆನ್ನಿನ ಚೀಲ ಅಲ್ಲೇ ಮೂಲೆಯಲ್ಲಿದ್ದ ಆಯಾಳ ಕಪಾಟಿನಲ್ಲಿ ಇನ್ನೂ ಹಾಗೆಯೇ ಇತ್ತು. ಅವಳು ಕಪಾಟಿನ ಕಡೆ ತಿರುಗಿಯೂ ನೋಡಲಿಲ್ಲ. ಗುಡ್ಡೆಯಿಂದ ಒಂದು ಹೊದಿಕೆ ಎಳೆದಳು. ಇದನ್ನು ಹೊದ್ದವಳು ಯಾರೋ, ಇದನ್ನು ತಾನು ಎಷ್ಟು ಸಲ ಸರಿಸಿದ್ದಳೋ.

"ಕ್ಷಮೆ ಕೇಳೋಕೆ ನಿಮಗೆ ನಾನಾದ್ರೂ ಸಿಕ್ಕಿದೀನಿ," ಎಂದಳು. "ನಾನು ಯಾರ ಮನೆ ಬಾಗಿಲಿಗೆ ಹೋಗ್ಲಿ? ಒಬ್ಬರ ಹೆಸರೂ ನೆನಪಿಲ್ಲ ನನಗೆ."

ಹುಡುಗಿ ಅಳತೊಡಗಿದಳು. ಆಯಾ ಸಮಾಧಾನ ಮಾಡಲಿಲ್ಲ. ಹೊದಿಕೆಗಳು ಉದ್ದವಾಗಿದ್ದವು, ಒಬ್ಬರಿಂದ ಮಡಿಸಲು ಆಗುತ್ತಿರಲಿಲ್ಲ.

"ಆ ತುದಿ ಹಿಡೀರಿ, ಡಾಕ್ಟ್ರೇ," ಎಂದಳು.